ಘಟ್ಟ ಇಳಿದದ್ದು, ಕಡಲು ದಾಟಿ ಬಂದದ್ದು

ಕುಮಟಾದಿಂದ ಶಿರಸಿಗೆ ಹೊರಟ ಬಸ್ಸು ಕತಗಾಲ ದಾಟಿತೆಂದರೆ ದೇವಿಮನೆ ಘಟ್ಟ ಶುರು. ಬೆನ್ನಿಗೆ ಕಡಲು, ಎದುರಿಗೆ ಕಾಡು. ಘಟ್ಟದ ಮೇಲಿನ ಸರಕು ಬಂದರಿಗೆ ಇಳಿದದ್ದೂ, ಹೊರದೇಶದ ಬೀಜಗಳು ಕರಾವಳಿಯಿಂದ ಒಳನಾಡಿಗೆ ಏರಿದ್ದೂ ಇಂಥ ದಾರಿಗಳಲ್ಲೇ. ಹಾಗಾಗಿಯೇ ಇರಬೇಕು, ಯಾವುದು ನಮ್ಮದು, ಯಾವುದು ಹೊರಗಿನಿಂದ ಬಂದದ್ದು ಎಂಬ ಲೆಕ್ಕ ಇಲ್ಲಿ ಬಹಳ ತಪ್ಪಿದೆ. ನಾನೂರೈನೂರು ವರ್ಷದ ಹಿಂದೆ ಬಂದದ್ದನ್ನು ಅನಾದಿಕಾಲದ್ದು ಎನ್ನುತ್ತೇವೆ. ನಮ್ಮ ಕಾಡಿನಲ್ಲೇ ಹುಟ್ಟಿದ್ದರ ಗುಣವನ್ನು ಮಾತ್ರ ಹೊರಗಿನವರ ಜಾಹೀರಾತಿನಿಂದ ತಿಳಿದುಕೊಳ್ಳುತ್ತೇವೆ. ಅಂಥ ಕೆಲವು ನಂಬಿಕೆಗಳನ್ನು ಒಂದೊಂದಾಗಿ ನೋಡೋಣ.

“ಕುಮಟಾ ಹತ್ತಿ ಕುಮಟಾದಲ್ಲಿ ಬೆಳೆಯುತ್ತಿತ್ತು”

ಬೆಳೆಯುತ್ತಿರಲಿಲ್ಲ. ಇಲ್ಲಿಯ ಮಳೆಗೆ ಹತ್ತಿ ಗಿಡ ನಿಲ್ಲುವುದೇ ಕಷ್ಟ. ಬೆಳೆದದ್ದು ಧಾರವಾಡದ ಕಡೆಯ ಎರೆ ಹೊಲಗಳಲ್ಲಿ. ಹಡಗು ಹತ್ತಿದ್ದು ಕುಮಟಾದಲ್ಲಿ. 1861ರಲ್ಲಿ ಅಮೆರಿಕದ ಅಂತರ್ಯುದ್ಧ ಶುರುವಾಗಿ ಇಂಗ್ಲೆಂಡಿನ ಗಿರಣಿಗಳಿಗೆ ಅಲ್ಲಿಯ ಹತ್ತಿ ನಿಂತುಹೋದಾಗ, ಗಾಡಿಗಳ ಸಾಲು ಘಟ್ಟ ಇಳಿದು ಕುಮಟಾ ಬಂದರು ಸೇರಿತು. ಬಂದರಿನ ಹೆಸರೇ ತಳಿಯ ಹೆಸರಾಯಿತು. ಉತ್ತರ ಕನ್ನಡವನ್ನು 1862ರಲ್ಲಿ ಮದ್ರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿಸಿದ್ದರ ಹಿಂದೆಯೂ ಈ ಹತ್ತಿಯ ಒತ್ತಡವಿತ್ತು. 1880ರ ದಶಕದಲ್ಲಿ ಮರ್ಮಗೋವಾಕ್ಕೆ ರೈಲು ಬಂದ ಮೇಲೆ ಗಾಡಿಗಳು ನಿಂತವು, ಹೆಸರು ಉಳಿಯಿತು.

“ಮೆಣಸಿನಕಾಯಿ ಇಲ್ಲದ ಅಡುಗೆ ನಮ್ಮ ಹಿರಿಯರು ಕಂಡದ್ದೇ ಇಲ್ಲ”

ಇದಕ್ಕೆ ಉತ್ತರ ಹೊನ್ನಾವರದಲ್ಲೇ ಇದೆ. ಮೊರಾಕೊದ ಪ್ರವಾಸಿ ಇಬ್ನ್ ಬತೂತ 1340ರ ದಶಕದಲ್ಲಿ ಹೊನ್ನಾವರಕ್ಕೆ ಬಂದ. ಊರಿನಲ್ಲಿ ಹುಡುಗಿಯರಿಗೇ 13 ಶಾಲೆ, ಹುಡುಗರಿಗೆ 23 ಶಾಲೆ ಇರುವುದನ್ನು ಕಂಡು ಬೆರಗಾಗಿ ಬರೆದಿಟ್ಟವನು ಅವನೇ. ಅಲ್ಲಿಯ ಸುಲ್ತಾನ ಜಮಾಲುದ್ದೀನನ ಮನೆಯ ಊಟವನ್ನೂ, ಬಡಿಸಿದ ಕ್ರಮದಲ್ಲೇ, ಅವನು ದಾಖಲಿಸಿದ್ದಾನೆ. ಮೊದಲು ಅನ್ನ, ಮೇಲೆ ತುಪ್ಪ. ಬದಿಗೆ ಉಪ್ಪಿನಲ್ಲಿ ಹಾಕಿಟ್ಟ ಕಾಳುಮೆಣಸಿನ ಕರೆ (ಗೊಂಚಲು), ಹಸಿ ಶುಂಠಿ, ಲಿಂಬೆ, ಮಾವು. ಆಮೇಲೆ ಮತ್ತೆ ಅನ್ನ, ಕೋಳಿ, ಮತ್ತೆ ಅನ್ನ, ಮೀನು, ನಂತರ ತರಕಾರಿ, ಕೊನೆಗೆ ಮೊಸರು. ಇವತ್ತಿಗೂ ನಮ್ಮ ಬಾಳೆ ಎಲೆಯ ಕ್ರಮ ಹೆಚ್ಚುಕಡಿಮೆ ಇದೇ. ಆದರೆ ಅಲ್ಲಿದ್ದ ಖಾರವೆಲ್ಲ ಶುಂಠಿಯದ್ದು, ಕಾಳುಮೆಣಸಿನದ್ದು. ಮೆಣಸಿನಕಾಯಿ ಆಗ ಈ ದಿಕ್ಕಿನ ಭೂಖಂಡಗಳಲ್ಲೇ ಇರಲಿಲ್ಲ.

ಅದರ ತವರು ಮೆಕ್ಸಿಕೊ ಮತ್ತು ದಕ್ಷಿಣ ಅಮೆರಿಕ. ಕಾಳುಮೆಣಸಿನ ನಾಡನ್ನು ಹುಡುಕುತ್ತಾ 1492ರಲ್ಲಿ ಹೊರಟ ಕೊಲಂಬಸ್‌ಗೆ ಸಿಕ್ಕಿದ್ದು ಇದು. 1498ರಲ್ಲಿ ವಾಸ್ಕೊ ಡ ಗಾಮ ಕಲ್ಲಿಕೋಟೆಗೆ ಬಂದ ಮೇಲೆ ಪೋರ್ಚುಗೀಸರ ಹಡಗುಗಳಲ್ಲಿ ಅದು ನಮ್ಮ ಕರಾವಳಿ ಸೇರಿತು. ಬ್ಯಾಡಗಿ ಮೆಣಸಿನಕಾಯಿಯ ವಂಶಾವಳಿಯೂ ಅಲ್ಲಿಗೇ ಹೋಗಿ ಮುಟ್ಟುತ್ತದೆ. ಪುಸ್ತಕದ ಸಾಕ್ಷಿ ಬೇಡ ಎನ್ನುವವರು ತಿಥಿಯ ಅಡುಗೆ ನೋಡಲಿ. ಶ್ರಾದ್ಧದ ದಿನ ಅನೇಕ ಮನೆಗಳಲ್ಲಿ ಮೆಣಸಿನಕಾಯಿ ಒಲೆಯ ಹತ್ತಿರವೂ ಬರುವುದಿಲ್ಲ, ಖಾರಕ್ಕೆ ಕಾಳುಮೆಣಸೇ. ಟೊಮೆಟೊ, ಬಟಾಟೆಯೂ ಇಲ್ಲ. ಆ ಒಂದು ದಿನ ನಾವು ಉಣ್ಣುವುದು ಹೆಚ್ಚುಕಡಿಮೆ ಇಬ್ನ್ ಬತೂತನ ಕಾಲದ ಊಟ. ಇಡೀ ಊರಿಗೆ ಮರೆತುಹೋದ ಸಂಗತಿಯನ್ನು ಅಡುಗೆಮನೆಯ ನಿಯಮ ಕಾಪಾಡಿಕೊಂಡು ಬಂದಿರುವುದು ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ.

“ಖಾರ ಇರುವುದು ಬೀಜದಲ್ಲಿ, ನೀರು ಕುಡಿದರೆ ಇಳಿಯುತ್ತದೆ”

ಎರಡೂ ತಪ್ಪು. ಒಂದು ಸೂಜಿಮೆಣಸನ್ನು ಉದ್ದಕ್ಕೆ ಸೀಳಿ ನೋಡಿ. ಬೀಜ ಅಂಟಿಕೊಂಡಿರುವ ಬಿಳಿ ತಿರುಳಿದೆಯಲ್ಲ, ಕ್ಯಾಪ್ಸೈಸಿನ್ ತಯಾರಾಗುವುದು ಅಲ್ಲಿ. ಬೀಜಕ್ಕೆ ಅದು ಮೆತ್ತಿಕೊಂಡಿರುತ್ತದೆ, ಅಷ್ಟೇ. ಇನ್ನು ಖಾರ ರುಚಿಯೇ ಅಲ್ಲ. ಸುಡುವ ಬಿಸಿಯನ್ನು ಗುರುತಿಸುವ ನರಗಳ ಗ್ರಾಹಕವನ್ನೇ ಕ್ಯಾಪ್ಸೈಸಿನ್ ಕೆಣಕುತ್ತದೆ, ಹಾಗಾಗಿ ಬಾಯಿ ನಿಜವಾಗಿಯೂ ಸುಟ್ಟಿತೆಂದು ಮಿದುಳು ನಂಬುತ್ತದೆ. 1997ರಲ್ಲಿ ಈ ಗ್ರಾಹಕವನ್ನು ಪತ್ತೆ ಹಚ್ಚಿದ ಡೇವಿಡ್ ಜೂಲಿಯಸ್‌ಗೆ 2021ರ ನೊಬೆಲ್ ಬಂತು. ಕ್ಯಾಪ್ಸೈಸಿನ್ ನೀರಿನಲ್ಲಿ ಕರಗುವುದಿಲ್ಲ. ಹಾಲು, ಮಜ್ಜಿಗೆಯ ಕೇಸಿನ್ ಪ್ರೋಟೀನು ಅದನ್ನು ಹಿಡಿದು ತೊಳೆದೊಯ್ಯುತ್ತದೆ. ಖಾರದ ಊಟಕ್ಕೆ ಮಜ್ಜಿಗೆಯ ತಂಬುಳಿ ಜೊತೆಯಾದದ್ದು ಸುಮ್ಮನೆ ಅಲ್ಲ.

ಹಕ್ಕಿಗಳಿಗೆ ಈ ಉರಿ ತಟ್ಟುವುದೇ ಇಲ್ಲ. ಇಲಿ, ಹೆಗ್ಗಣ ಬೀಜವನ್ನು ಅಗಿದು ಹಾಳು ಮಾಡುತ್ತವೆ, ಹಕ್ಕಿ ನುಂಗಿ ದೂರದಲ್ಲಿ ಹಾಕುತ್ತದೆ. ಯಾರೂ ನೆಡದ ಸೂಜಿಮೆಣಸಿನ ಗಿಡ ಹಿತ್ತಿಲ ಬೇಲಿಯಲ್ಲಿ ಏಳುವುದು ಹೀಗೆ.

“ಬೋಳುಕಾಳಿನ ಬಳ್ಳಿಯೇ ಬೇರೆ”

ಬಳ್ಳಿ ಒಂದೇ, ಕಾಯಿಯೂ ಒಂದೇ. ಬಲಿತ ಹಸಿರು ಕರೆ ಕೊಯ್ದು ಒಣಗಿಸಿದರೆ ಸಿಪ್ಪೆಯೊಳಗಿನ ಕಿಣ್ವ ಗಾಳಿಯ ಆಮ್ಲಜನಕದೊಂದಿಗೆ ಸೇರಿ ಕಪ್ಪಾಗಿಸುತ್ತದೆ. ಅದು ಕರಿಮೆಣಸು. ಹಣ್ಣಾಗುವವರೆಗೆ ಬಿಟ್ಟು, ನೀರಲ್ಲಿ ನೆನೆಹಾಕಿ ಸಿಪ್ಪೆ ತಿಕ್ಕಿ ತೆಗೆದರೆ ಬೋಳುಕಾಳು. ಇದು ಅಪ್ಪಟ ಪಶ್ಚಿಮ ಘಟ್ಟದ ಬಳ್ಳಿ. ಈಜಿಪ್ಟಿನ ಎರಡನೇ ರಾಮ್ಸೆಸ್‌ನ ಮಮ್ಮಿಯ ಮೂಗಿನಲ್ಲಿ ಕಾಳುಮೆಣಸು ಸಿಕ್ಕಿದೆ. ಅವನು ಸತ್ತದ್ದು ಕ್ರಿಸ್ತಪೂರ್ವ 13ನೇ ಶತಮಾನದಲ್ಲಿ. ಶರಾವತಿ ದಂಡೆಯ ಗೇರುಸೊಪ್ಪೆಯಿಂದ 16ನೇ ಶತಮಾನದಲ್ಲಿ ಆಳಿದ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಎಂದು ಕರೆದದ್ದು ಈ ಕಾಳಿನ ದೆಸೆಯಿಂದ.

ಕೊಳೆತ ಮಾಂಸದ ವಾಸನೆ ಮುಚ್ಚಲು ಯುರೋಪಿನವರಿಗೆ ಮೆಣಸು ಬೇಕಿತ್ತು ಎಂದು ಪಠ್ಯಪುಸ್ತಕಗಳೂ ಬರೆದದ್ದುಂಟು. ಯೋಚಿಸಿದರೆ ನಿಲ್ಲುವ ಮಾತಲ್ಲ. ಮೆಣಸಿಗೆ ಅಷ್ಟು ದುಡ್ಡು ಸುರಿಯಬಲ್ಲವನಿಗೆ ತಾಜಾ ಮಾಂಸ ಕೊಳ್ಳುವುದು ಏನೂ ಕಷ್ಟವಿರಲಿಲ್ಲ.

“ಗೇರು ಹಣ್ಣಿನ ಬೀಜ ಹೊರಗಿರುತ್ತದೆ”

ನಾವು ಹಣ್ಣು ಎಂದು ಹೀರುವುದು ಹೂವಿನ ತೊಟ್ಟು, ಉಬ್ಬಿ ರಸ ತುಂಬಿಕೊಂಡದ್ದು. ಅದರ ತುದಿಯಲ್ಲಿ ತೂಗುವ ಬೂದುಬಣ್ಣದ ಕಾಯಿಯೇ ನಿಜವಾದ ಹಣ್ಣು, ಗೋಡಂಬಿ ಅದರೊಳಗಿನ ಬೀಜ. ಗೇರು ಬಂದದ್ದು ಬ್ರೆಜಿಲ್‌ನಿಂದ, ಪೋರ್ಚುಗೀಸರ ಕೈಯಲ್ಲೇ. ಅದರ ಸಿಪ್ಪೆಯ ಎಣ್ಣೆ ಚರ್ಮಕ್ಕೆ ತಾಗಿದರೆ ಬೊಬ್ಬೆ ಏಳುತ್ತದೆ, ಸಿಪ್ಪೆ ಸುಲಿಯುವ ಹೆಂಗಸರು ಬೆರಳಿಗೆ ಎಣ್ಣೆಯನ್ನೋ ಬೂದಿಯನ್ನೋ ಹಚ್ಚಿಕೊಳ್ಳುವುದು ಅದಕ್ಕೇ. ಅದೇ ಎಣ್ಣೆಯಿಂದ ಮಾಡಿದ ರಾಳ ವಾಹನಗಳ ಬ್ರೇಕ್ ಪಟ್ಟಿಗೆ ಹೋಗುತ್ತದೆ. ಅಂಗಡಿಯಲ್ಲಿ ‘ಹಸಿ ಗೋಡಂಬಿ’ ಎಂದು ಮಾರುವುದೂ ಸಾಮಾನ್ಯವಾಗಿ ಹಬೆಯಲ್ಲಿ ಬೆಂದದ್ದೇ. ಕಾಯಿ ಬೇಯಿಸದೆ ಒಡೆಯುವುದು ಅಷ್ಟು ಅಪಾಯ.

“ಉಪ್ಪಾಗೆ ತಿಂದರೆ ಬೊಜ್ಜು ಕರಗುತ್ತದೆ”

ಕತಗಾಲದ ಮೇಲಿನ ಕಾಡಿಗೆ ಅತಿ ಹೆಚ್ಚು ಪೆಟ್ಟು ಕೊಟ್ಟ ನಂಬಿಕೆ ಇದು. ಉಪ್ಪಾಗೆ ಮರ ಮಳೆಗಾಲದಲ್ಲಿ ಹಣ್ಣು ಬಿಡುತ್ತದೆ: ಸಣ್ಣ ಕುಂಬಳದ ಹಾಗೆ ಗೀರುಗೀರಾದ ಹಳದಿ ಹಣ್ಣು. ಬೀಜದಿಂದ ತುಪ್ಪ ತೆಗೆಯುತ್ತಿದ್ದರು, ಸಿಪ್ಪೆಯನ್ನು ಹುಳಿಗೆ ಒಣಗಿಸಿಡುತ್ತಿದ್ದರು. ಸಿಪ್ಪೆಯಲ್ಲಿ ಹೈಡ್ರಾಕ್ಸಿಸಿಟ್ರಿಕ್ ಆಮ್ಲ ಇದೆ. ಸಕ್ಕರೆಯಂಶವನ್ನು ದೇಹ ಕೊಬ್ಬಾಗಿಸುವ ದಾರಿಯಲ್ಲಿರುವ ಒಂದು ಕಿಣ್ವವನ್ನು ಅದು ತಡೆಯುತ್ತದೆಂದು ಪ್ರಯೋಗಾಲಯದಲ್ಲಿ ಕಂಡದ್ದೇ ತಡ, 1990ರ ದಶಕದಲ್ಲಿ ಗುಳಿಗೆಯ ವ್ಯಾಪಾರ ಎದ್ದಿತು. ಹಣ್ಣಾಗುವ ಮೊದಲೇ ಕೊಯ್ಲು, ಕೈಗೆಟುಕದಿದ್ದರೆ ಕೊಂಬೆಗೇ ಕತ್ತಿ. ಸುರಿವ ಮಳೆಯಲ್ಲಿ ಸಿಪ್ಪೆ ಒಣಗಿಸಲು ಸೌದೆಯ ರಾಶಿ, ಅದೂ ಕಾಡಿನದ್ದೇ.

ಆದರೆ ಮನುಷ್ಯರ ಮೇಲೆ ನಡೆಸಿದ ಪರೀಕ್ಷೆ ಬೇರೆಯೇ ಹೇಳಿತು. 1998ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಪ್ರಕಟವಾದ 12 ವಾರಗಳ ಅಧ್ಯಯನದಲ್ಲಿ 135 ಜನರಿದ್ದರು. ಉಪ್ಪಾಗೆ ಗುಳಿಗೆ ನುಂಗಿದವರು ಸರಾಸರಿ 3.2 ಕಿಲೊ ಇಳಿದರು. ಔಷಧಿಯೇ ಇಲ್ಲದ ಹುಸಿಗುಳಿಗೆ ನುಂಗಿದವರು 4.1 ಕಿಲೊ. ಗುಳಿಗೆಯಿಂದ ಲಾಭವೇನೂ ಕಾಣಲಿಲ್ಲ. ಹಾಗಿದ್ದೂ 2012ರಲ್ಲಿ ಮೆಹ್ಮೆತ್ ಓಜ್ ಎಂಬ ಟಿವಿ ವೈದ್ಯ ಅದನ್ನು ಮತ್ತೆ ಹೊಗಳಿದ. ತೂಕ ಇಳಿಸುವ ಬಗೆಗಿನ ಇಂಥ ಮಾತುಗಳಿಗಾಗಿ ಅವನು 2014ರಲ್ಲಿ ಅಮೆರಿಕದ ಸೆನೆಟ್ ಸಮಿತಿಯ ಮುಂದೆ ಪ್ರಶ್ನೆ ಎದುರಿಸಬೇಕಾಯಿತು. ಸಾರಿಗೆ ಒಂದು ಚೂರು ಸಿಪ್ಪೆ ಹಾಕಿದರೆ ಭಯವಿಲ್ಲ. ಸಾಂದ್ರ ಗುಳಿಗೆ ನುಂಗಿದವರಲ್ಲಿ ಯಕೃತ್ತಿಗೆ ಹಾನಿಯಾದ ಪ್ರಕರಣಗಳು ದಾಖಲಾಗಿವೆ.

“ಕಾಯಿ ಬಿಡದ ಮುರುಗಲು ಮರ ದಂಡ, ಕಡಿದರೂ ನಷ್ಟವಿಲ್ಲ”

ಉಪ್ಪಾಗೆಯ ದಾಯಾದಿ ಮುರುಗಲು. ಅದರಲ್ಲಿ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಕಾಯಿ ಬಿಡದ್ದು ಗಂಡು. ಅದರ ಪರಾಗ ಸಿಗದಿದ್ದರೆ ಪಕ್ಕದ ಹೆಣ್ಣು ಮರವೂ ಸರಿಯಾಗಿ ಕಾಯಿ ಕಚ್ಚುವುದಿಲ್ಲ. ಬೀಜದಿಂದ ಎದ್ದ ಸಸಿ ಗಂಡೋ ಹೆಣ್ಣೋ ಎಂಬುದು ಹೂ ಬಿಡುವ ತನಕ, ಅಂದರೆ ಎಷ್ಟೋ ವರ್ಷ, ತಿಳಿಯುವುದಿಲ್ಲ. ಬೇಗ ಮುರುಗಲಿನ (ಬಿರಿಂಡೆ) ಪಾನಕ ಕುಡಿಯುವ ಆಸೆಯಿದ್ದವರು ಹೆಣ್ಣು ಮರದ ಕುಡಿ ಕಟ್ಟಿದ ಕಸಿ ಸಸಿ ನೆಡಲಿ, ಹತ್ತಿರದಲ್ಲಿ ಒಂದೆರಡು ಗಂಡು ಮರಗಳನ್ನೂ ಉಳಿಸಿಕೊಳ್ಳಲಿ.