ಭಾವಚಿತ್ರ: ದಾಖಲೆಯೋ ಕಲೆಯೋ?

ಸ್ಮರಣ ಸಂಪುಟವನ್ನು ತೆರೆದೊಡನೆ ನಮ್ಮ ಕಣ್ಣು ಮೊದಲು ನಿಲ್ಲುವುದು ಭಾವಚಿತ್ರಗಳ ಮೇಲೆ. ಪರಿಚಿತ ಮುಖವನ್ನು ಗುರುತಿಸಿ ಸಂತೋಷಪಡುತ್ತೇವೆಯೇ ಹೊರತು ಅದು ಕಲಾಕೃತಿಯೇ ಎಂದು ವಿಚಾರಿಸುವುದಿಲ್ಲ. ಆದರೆ ಈ ಪ್ರಶ್ನೆ ಹಳೆಯದು. ಛಾಯಾಚಿತ್ರಣದ ಆವಿಷ್ಕಾರವನ್ನು ಪ್ಯಾರಿಸಿನಲ್ಲಿ ಲೋಕಕ್ಕೆ ಸಾರಿದ್ದು 1839ರಲ್ಲಿ. 1859ರಲ್ಲಿಯೇ ಫ್ರೆಂಚ್ ಕವಿ ಬೋದಿಲೇರನು, ಅದು ವಿಜ್ಞಾನಕ್ಕೂ ಕಲೆಗಳಿಗೂ ಸೇವಕನಾಗಿ ಉಳಿಯಬೇಕೆಂದು ಕಟುವಾಗಿ ಬರೆದನು. ಯಂತ್ರವು ಎದುರಿಗಿದ್ದುದನ್ನು ಒಪ್ಪಿಸುತ್ತದೆ, ಅಲ್ಲಿ ಕಲ್ಪನೆಗೆ ಎಡೆಯೆಲ್ಲಿ ಎಂಬುದು ಆಕ್ಷೇಪ. ಇದಕ್ಕೆ ಅಂಜಿದ ಅನೇಕ ಛಾಯಾಗ್ರಾಹಕರು ತಮ್ಮ ಚಿತ್ರಗಳನ್ನು ವರ್ಣಚಿತ್ರಗಳಂತೆ ಮಬ್ಬುಗೊಳಿಸತೊಡಗಿದರು.

ಜರ್ಮನಿಯ ಔಗುಸ್ಟ್ ಸಾಂಡರನೂ (1876–1964) ಮೊದಮೊದಲು ಹಾಗೆಯೇ ಮಾಡಿದವನು. ಬಾಲ್ಯದಲ್ಲಿ ಗಣಿಯಲ್ಲಿ ದುಡಿದ ಈತ ಮುಂದೆ ಕೊಲೋನ್ ನಗರದಲ್ಲಿ ಸ್ಟುಡಿಯೋ ತೆರೆದನು. ಆ ಮೇಲೆ ಮಬ್ಬನ್ನೂ ತಿದ್ದುಪಡಿಯನ್ನೂ ಬಿಟ್ಟು, ಯಂತ್ರಭಾಗಗಳ ಚಿತ್ರಗಳಿಗೆ ಬಳಸುತ್ತಿದ್ದ ನುಣುಪು ಕಾಗದದ ಮೇಲೆ ಮುಖಗಳನ್ನು ಅಚ್ಚಿಳಿಸಿದನು. ರೈತ, ಕುಶಲಕರ್ಮಿ, ಸ್ತ್ರೀ, ಕಲಾವಿದ ಮೊದಲಾದ ಏಳು ಗುಂಪುಗಳಲ್ಲಿ ತನ್ನ ಕಾಲದ ಸಮಾಜವನ್ನೇ ಜೋಡಿಸುವುದು ಅವನ ಸಂಕಲ್ಪ. ಅರವತ್ತು ಚಿತ್ರಗಳ 'ಕಾಲದ ಮುಖ' ಎಂಬ ಪುಸ್ತಕ 1929ರಲ್ಲಿ ಹೊರಬಂದಿತು. ಅವನು 1928ರಲ್ಲಿ ತೆಗೆದ ಮಿಠಾಯಿಗಾರನ ಚಿತ್ರವನ್ನು ನೋಡಿ: ಬಿಳಿ ಮೇಲಂಗಿ, ಬೋಳುತಲೆ, ಕೈಯಲ್ಲಿ ದೊಡ್ಡ ಪಾತ್ರೆ. ಆತ ನಗುವುದಿಲ್ಲ, ನಾಚುವುದೂ ಇಲ್ಲ. ತನ್ನ ಕಸುಬಿನ ನಡುವೆ ಗಂಭೀರನಾಗಿ ನಿಂತಿದ್ದಾನೆ. ಅರಸರ ತೈಲಚಿತ್ರಗಳಿಗೆ ಮೀಸಲಾಗಿದ್ದ ಗೌರವ ಇಲ್ಲಿ ದುಡಿಯುವವನಿಗೆ ಸಂದಿದೆ.

ಆದರೆ ದಾಖಲೆಯೆಂದ ಮಾತ್ರಕ್ಕೆ ಅದು ತಪ್ಪಿಲ್ಲದ ಸತ್ಯವೆಂದು ನಂಬುವಂತಿಲ್ಲ. 1914ರ ಅವನ ಪ್ರಸಿದ್ಧ ಚಿತ್ರದಲ್ಲಿ ಹಬ್ಬದ ಉಡುಪು ತೊಟ್ಟು, ಕೋಲು ಹಿಡಿದು ದಾರಿಯಲ್ಲಿ ನಿಂತ ಮೂವರು 'ಯುವ ರೈತರು' ನಿಜಕ್ಕೂ ಗಣಿಯಲ್ಲಿ ದುಡಿಯುತ್ತಿದ್ದವರೆಂದು ಬಹುಕಾಲದ ನಂತರ ತಿಳಿದುಬಂದಿತು. ಹೆಸರಿನ ಬದಲು ವೃತ್ತಿಯನ್ನಷ್ಟೇ ಬರೆಯುವ ಪದ್ಧತಿಯ ದೋಷವಿದು. ಮನುಷ್ಯನು ತನ್ನ ಗುಂಪಿಗಿಂತ ದೊಡ್ಡವನು. ಸಾಂಡರನ ವರ್ಗೀಕರಣಕ್ಕಿಂತ ಅವನ ಕ್ಯಾಮೆರಾ ಹೆಚ್ಚು ಪ್ರಾಮಾಣಿಕವಾಗಿತ್ತೆಂದೇ ನನ್ನ ಅಭಿಪ್ರಾಯ.

ಇದನ್ನು ನಾಜಿ ಸರ್ಕಾರವೂ ಬಲ್ಲುದಾಗಿತ್ತೆಂದು ತೋರುತ್ತದೆ. 1936ರಲ್ಲಿ ಪುಸ್ತಕದ ಮುದ್ರಣಫಲಕಗಳು ನಾಶವಾದವು, ಉಳಿದ ಪ್ರತಿಗಳು ಜಪ್ತಿಯಾದವು. ಶ್ರೇಷ್ಠ ಜನಾಂಗದ ಕಲ್ಪಿತ ಮುಖವನ್ನು ಸಾರುತ್ತಿದ್ದವರಿಗೆ ನಿರುದ್ಯೋಗಿಯ, ಕುರುಡನ, ಅಲೆಮಾರಿಯ ನಿಜಮುಖ ರುಚಿಸಲಿಲ್ಲ. 1938ರ ಸುಮಾರಿಗೆ ಕೊಲೋನಿನ ಯೆಹೂದ್ಯರು ಗುರುತಿನ ಪತ್ರಗಳಿಗಾಗಿ ಅವನಲ್ಲಿ ಚಿತ್ರ ತೆಗೆಸಿಕೊಂಡರು. ಕೇವಲ ಕಚೇರಿಯ ಅಗತ್ಯಕ್ಕಾಗಿ ತೆಗೆದ ಚಿತ್ರಗಳವು. ಅವುಗಳನ್ನು ಕಲೆಯೆಂದು ಯಾರೂ ಕರೆಯುತ್ತಿರಲಿಲ್ಲ. ಯುದ್ಧಾನಂತರ ಸಾಂಡರನು ಅವುಗಳನ್ನು 'ಹಿಂಸೆಗೊಳಗಾದವರು' ಎಂಬ ಹೆಸರಿನಲ್ಲಿ ತನ್ನ ಮಹಾಸಂಗ್ರಹಕ್ಕೆ ಸೇರಿಸಿದನು. ಚಿತ್ರದಲ್ಲಿ ಒಂದು ಗೆರೆಯೂ ಬದಲಾಗಲಿಲ್ಲ. ಆದರೂ ಮಿಠಾಯಿಗಾರ, ವಕೀಲ, ಸೈನಿಕರ ಸಾಲಿನಲ್ಲಿ ಬಂದು ನಿಂತೊಡನೆ ಆ ಮುಖಗಳು ಇಡೀ ಸಮಾಜವನ್ನು ಪ್ರಶ್ನಿಸತೊಡಗುತ್ತವೆ. ಕಲ್ಪನೆಗೆ ಎಡೆಯೆಲ್ಲಿ ಎಂದು ಕೇಳಿದವರಿಗೆ ಈ ಜೋಡಣೆಯನ್ನೇ ತೋರಿಸಬಹುದು.

ಅವನ ಹಿರಿಯ ಮಗ ಎರಿಕ್ ನಾಜಿವಿರೋಧಿಯಾಗಿ 1934ರಲ್ಲಿ ಬಂಧಿತನಾಗಿ, ಹತ್ತು ವರ್ಷಗಳ ಶಿಕ್ಷೆ ಮುಗಿಯುವ ಮುನ್ನವೇ 1944ರಲ್ಲಿ ಸೆರೆಯಲ್ಲಿ ತೀರಿಕೊಂಡನು. ಸೆರೆಮನೆಯಲ್ಲಿ ಅವನು ತೆಗೆದಿದ್ದ ಸಹಬಂದಿಗಳ ಚಿತ್ರಗಳನ್ನೂ ತಂದೆ ಸಂಗ್ರಹದಲ್ಲಿರಿಸಿದನು. ಅವುಗಳೊಡನೆ ಮಗನ ಮೃತಮುಖದ ಅಚ್ಚಿನ ಚಿತ್ರವನ್ನೂ ಇರಿಸಿದನು.