ಕೈಸಾಬೂನಿನ ಅಚ್ಚು: ಖರೀದಿಗೆ ಮೊದಲು ಮಾಡಬೇಕಾದ ಲೆಕ್ಕ

ಮನೆಯ ಹಿತ್ತಿಲಲ್ಲಿ ಅಥವಾ ಸಣ್ಣ ಷೆಡ್ಡಿನಲ್ಲಿ ಸಾಬೂನು ತಯಾರಿಸಿ ಮಾರುವ ಘಟಕಗಳು ಇತ್ತೀಚಿನ ವರ್ಷಗಳಲ್ಲಿ ರಾಜ್ಯದ ಹಲವು ಊರುಗಳಲ್ಲಿ ಕಾಣಸಿಗುತ್ತವೆ. ಮೈಸೂರು ಸ್ಯಾಂಡಲ್ ಸಾಬೂನಿನ ಶತಮಾನ ದಾಟಿದ ಪರಂಪರೆಯಿರುವ ನಾಡಿನಲ್ಲಿ ಇದು ಅಚ್ಚರಿಯ ಸಂಗತಿಯೇನಲ್ಲ. ಆದರೆ ಕಾರ್ಖಾನೆಯ ಸಾಬೂನು ಯಂತ್ರಗಳಲ್ಲಿ ಅರೆದು, ಒತ್ತಿ, ಮುದ್ರೆ ಹಾಕಿಸಿಕೊಂಡು ಹೊರಬರುತ್ತದೆ. ಶೀತಲ ವಿಧಾನದ ಕೈಸಾಬೂನು ಹಾಗಲ್ಲ. ಎಣ್ಣೆಗಳಿಗೆ ಕಾಸ್ಟಿಕ್ ಸೋಡಾದ ದ್ರಾವಣ ಬೆರೆಸಿ, ಹಿಟ್ಟಿನ ಹದಕ್ಕೆ ಬಂದ ಮಿಶ್ರಣವನ್ನು ಉದ್ದನೆಯ ಅಚ್ಚಿಗೆ ಸುರಿದು, ಗಟ್ಟಿಯಾದ ದಿಂಡನ್ನು ಒಂದೆರಡು ದಿನಗಳ ನಂತರ ತೆಗೆದು ಬಿಲ್ಲೆಗಳಾಗಿ ಕತ್ತರಿಸಿ, ನಾಲ್ಕರಿಂದ ಆರು ವಾರ ಗಾಳಿಯಾಡುವಲ್ಲಿ ಒಣಗಿಸಲಾಗುತ್ತದೆ. ಈ ಉದ್ದನೆಯ ಅಚ್ಚಿಗೆ ವ್ಯಾಪಾರದಲ್ಲಿ ಲೋಫ್ ಮೋಲ್ಡ್ ಎಂದು ಹೆಸರು. ಇಡೀ ಬಂಡವಾಳದಲ್ಲಿ ಇದರ ಪಾಲು ಚಿಕ್ಕದು; ಆ ಕಾರಣದಿಂದಲೇ ಹೆಚ್ಚಿನವರು ಇದನ್ನು ಯೋಚಿಸದೆ ಕೊಳ್ಳುತ್ತಾರೆ. ಬಿಲ್ಲೆಯ ತೂಕ, ಪೆಟ್ಟಿಗೆಯ ಅಳತೆ, ತಿಂಗಳ ಉತ್ಪಾದನೆ ಈ ಮೂರೂ ಅಚ್ಚಿನಿಂದಲೇ ನಿರ್ಧಾರವಾಗುತ್ತವೆಂಬುದು ಆಮೇಲೆ ತಿಳಿಯುತ್ತದೆ.

ಯಾವುದರಿಂದ ಮಾಡಿದ ಅಚ್ಚು?

ಮೊದಲು ಬೇಡವಾದುದನ್ನು ಹೇಳುವುದು ಒಳಿತು. ಅಲ್ಯೂಮಿನಿಯಂ ಪಾತ್ರೆ, ಬ್ರೆಡ್ ಸುಡುವ ಅಲ್ಯೂಮಿನಿಯಂ ತಟ್ಟೆ ಇವುಗಳನ್ನು ಎಂದಿಗೂ ಬಳಸಕೂಡದು. ಕಾಸ್ಟಿಕ್ ಸೋಡಾ ಅಲ್ಯೂಮಿನಿಯಂ ಅನ್ನು ತಿನ್ನುತ್ತದೆ. ಆಗ ಹೊರಬರುವ ಜಲಜನಕ ಅನಿಲ ಬೆಂಕಿ ಹತ್ತಿಕೊಳ್ಳುವಂಥದು. ಸತುವಿನ ಲೇಪವಿರುವ ತಗಡಿಗೂ ಇದೇ ದೋಷ. ಗಾಜಿನ ಪಾತ್ರೆಯಿಂದ ದಿಂಡನ್ನು ಬಿಡಿಸುವುದು ಕಷ್ಟ. ನೀರಿನ ಬಾಟಲಿಗಳ ಪೆಟ್ ಪ್ಲಾಸ್ಟಿಕ್ ಕ್ಷಾರಕ್ಕೆ ತಾಳುವುದಿಲ್ಲ. ಸ್ಟೇನ್‌ಲೆಸ್ ಸ್ಟೀಲ್‌ಗೆ ಕ್ಷಾರದ ಭಯವಿಲ್ಲ, ಆದರೆ ಒಳಗೆ ಕಾಗದ ಹಾಸದಿದ್ದರೆ ಸಾಬೂನು ಅಂಟಿಕೊಳ್ಳುತ್ತದೆ.

ಉಳಿಯುವುದು ಮುಖ್ಯವಾಗಿ ಮೂರು: ಮರ, ಸಿಲಿಕೋನ್, ಮತ್ತು ಎಚ್‌ಡಿಪಿಇ ಅಥವಾ ಪಾಲಿಪ್ರೊಪಿಲೀನ್‌ನಂಥ ಗಟ್ಟಿ ಪ್ಲಾಸ್ಟಿಕ್. ಮರದ ಅಚ್ಚನ್ನು ಊರಿನ ಬಡಗಿಯಿಂದಲೇ, ಬೇಕಾದ ಅಳತೆಗೆ ಮಾಡಿಸಬಹುದು. ಪಕ್ಕದ ಹಲಗೆಗಳು ತಿರುಪು ಸಡಿಲಿಸಿದೊಡನೆ ಬಿಚ್ಚಿಕೊಳ್ಳುವಂತಿರಬೇಕು. ಪ್ರತಿ ಬಾರಿಯೂ ಬಟರ್ ಪೇಪರ್ ಮಡಿಸಿ ಹಾಸುವ ಕೆಲಸವಿದೆ. ಹಾಸದಿದ್ದರೆ ಮರ ತೇವವನ್ನು ಹೀರಿ ಡೊಂಕಾಗುತ್ತದೆ. ಮೂಲೆಯಲ್ಲಿ ಕಾಗದ ಸುಕ್ಕಾದರೆ ಬಿಲ್ಲೆಯ ಮೇಲೂ ಸುಕ್ಕು ಮೂಡುತ್ತದೆ. ಕೂಲಿ ಕೊಟ್ಟು ಕೆಲಸ ಮಾಡಿಸುವ ಘಟಕದಲ್ಲಿ ಈ ಹಾಸುವ ಸಮಯಕ್ಕೂ ಬೆಲೆಯಿದೆ.

ಸಿಲಿಕೋನ್‌ಗೆ ಕಾಗದ ಬೇಕಿಲ್ಲ, ಸಾಬೂನು ನುಣುಪಾಗಿ ಬಿಡುತ್ತದೆ, ತೊಳೆಯುವುದೂ ಸುಲಭ. ಆದರೆ ಅದು ತೇವವನ್ನು ಹೊರಗೆ ಬಿಡದ ಕಾರಣ, ಕಾಗದ ಹಾಸಿದ ಮರದ ಅಚ್ಚಿನಲ್ಲಿ ಮರುದಿನವೇ ಬಿಡುವ ದಿಂಡು ಇಲ್ಲಿ ಇನ್ನೂ ಒಂದೆರಡು ದಿನ ಕಾಯಿಸಬಹುದು. ಎರಡನೆಯ ದೋಷ ಹೆಚ್ಚು ದುಬಾರಿ. ತೆಳುವಾದ ಸಿಲಿಕೋನ್ ಅಚ್ಚಿನ ಗೋಡೆಗಳು ಮಿಶ್ರಣದ ಭಾರಕ್ಕೆ ನಡುವೆ ಉಬ್ಬುತ್ತವೆ. ಆದುದರಿಂದ ಮರದ ಪೆಟ್ಟಿಗೆಯೊಳಗೆ ಕೂರುವ ಸಿಲಿಕೋನ್ ಅಚ್ಚೇ ವ್ಯಾಪಾರಕ್ಕೆ ಯೋಗ್ಯ. ಬರಿಯ ಸಿಲಿಕೋನ್ ಹವ್ಯಾಸಕ್ಕೆ ಸಾಕು.

ಶಾಖದ ವಿಚಾರವನ್ನೂ ಮರೆಯುವಂತಿಲ್ಲ. ಎಣ್ಣೆ ಸಾಬೂನಾಗುವಾಗ ಶಾಖ ಹುಟ್ಟುತ್ತದೆ. ಅಚ್ಚು ದೊಡ್ಡದಾದಷ್ಟೂ, ಗೋಡೆ ದಪ್ಪವಾದಷ್ಟೂ ಆ ಶಾಖ ಒಳಗೇ ನಿಲ್ಲುತ್ತದೆ. ಚಳಿಗಾಲದಲ್ಲಿ ಇದು ಅನುಕೂಲವೇ. ದಿಂಡಿನ ನಡುಭಾಗ ಮಾತ್ರ ಬಿಸಿಯಾಗಿ ಅಂಚು ತಣ್ಣಗಿದ್ದರೆ ಕತ್ತರಿಸಿದ ಬಿಲ್ಲೆಯ ನಡುವೆ ಗಾಢ ಬಣ್ಣದ ಉಂಗುರ ಕಾಣುತ್ತದೆ, ಗ್ರಾಹಕರು ಅದನ್ನು ಕಲಬೆರಕೆಯೆಂದು ಭಾವಿಸುತ್ತಾರೆ. ಕರಾವಳಿಯ ಬೇಸಿಗೆಯಲ್ಲಿ, ಅದರಲ್ಲೂ ಹಾಲು, ಜೇನು ಬೆರೆಸಿದ ಸಾಬೂನಿನಲ್ಲಿ, ಅದೇ ಮರದ ಅಚ್ಚು ಮೇಲ್ಮೈ ಬಿರಿಯುವಷ್ಟು ಕಾಯಬಹುದು. ಕೊಬ್ಬರಿ ಎಣ್ಣೆಯೇ ಹೆಚ್ಚಾಗಿರುವ ಸಾಬೂನು ಬೇಗ ಗಡುಸಾಗುತ್ತದೆ. ಮರುದಿನಕ್ಕೆ ಬಿಟ್ಟರೆ ತಂತಿ ತಗುಲಿದೊಡನೆ ಪುಡಿಯಾಗುವುದುಂಟು. ಅಂಥ ಪಾಕಕ್ಕೆ ಕೆಲವೇ ಗಂಟೆಗಳಲ್ಲಿ ಬಿಚ್ಚಬಹುದಾದ ಅಚ್ಚು, ಇಲ್ಲವೆ ಕತ್ತರಿಸುವ ಅಗತ್ಯವೇ ಇಲ್ಲದ ಬಿಡಿ ಗುಳಿಗಳ ಅಚ್ಚು ಬೇಕು.

ಅಳತೆ ಮತ್ತು ತೂಕ

ಅಚ್ಚಿನಿಂದ ಬಿಲ್ಲೆಗೆ ಬರುವ ಬದಲು ಬಿಲ್ಲೆಯಿಂದ ಅಚ್ಚಿಗೆ ಹೋಗುವುದೇ ಸರಿಯಾದ ದಾರಿ. ಒಣಗಿದ ಮೇಲೆ 100 ಗ್ರಾಂ ತೂಗುವ ಬಿಲ್ಲೆ ಬೇಕೆಂದಿಟ್ಟುಕೊಳ್ಳೋಣ. ಒಣಗುವಾಗ ನೀರು ಆರಿ ತೂಕದಲ್ಲಿ ಸಾಮಾನ್ಯವಾಗಿ ಶೇ. 10ಕ್ಕೂ ಮೀರಿ ಇಳಿಯುವುದರಿಂದ, ಕತ್ತರಿಸುವಾಗ ಅದು ಸುಮಾರು 115 ಗ್ರಾಂ ಇರಬೇಕು. ಅಚ್ಚಿನ ಒಳ ಅಗಲ 7.5 ಸೆಂ.ಮೀ., ಸುರಿಯುವ ಎತ್ತರ 6 ಸೆಂ.ಮೀ., ಬಿಲ್ಲೆಯ ದಪ್ಪ 2.5 ಸೆಂ.ಮೀ. ಆದರೆ ಈ ಲೆಕ್ಕ ಹೊಂದುತ್ತದೆ. 25 ಸೆಂ.ಮೀ. ಉದ್ದದ ಅಚ್ಚಿನಲ್ಲಿ ಇಂಥ 10 ಬಿಲ್ಲೆಗಳು ದೊರೆಯುತ್ತವೆ. ಅಚ್ಚಿನ ಗೋಡೆ ಮಾತ್ರ 7 ಸೆಂ.ಮೀ. ಇರಲಿ; ಕಂಠಮಟ್ಟ ತುಂಬಿದ ಅಚ್ಚನ್ನು ಎತ್ತಿಡುವುದು ಅಪಾಯ.

ಎಣ್ಣೆಯ ಲೆಕ್ಕಕ್ಕೆ ಸುಲಭ ಸೂತ್ರವೊಂದಿದೆ: ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ, ಬಂದುದನ್ನು 0.69ರಿಂದ ಗುಣಿಸಿದರೆ ಬೇಕಾಗುವ ಎಣ್ಣೆಯ ತೂಕ ಗ್ರಾಂಗಳಲ್ಲಿ ಸಿಗುತ್ತದೆ. ಮೇಲಿನ ಅಚ್ಚಿಗೆ 1,125 ಘನ ಸೆಂ.ಮೀ. ಎಂದರೆ ಸುಮಾರು 776 ಗ್ರಾಂ ಎಣ್ಣೆ. ಸೋಡಾ ಮತ್ತು ನೀರು ಸೇರಿ ಒಟ್ಟು ಮಿಶ್ರಣ ಇದರ ಹತ್ತಿರ ಹತ್ತಿರ ಒಂದೂವರೆ ಪಟ್ಟಾಗುತ್ತದೆ.

ಈಗ ಉಬ್ಬಿದ ಗೋಡೆಯ ಪರಿಣಾಮ ನೋಡಬಹುದು. ಅಚ್ಚಿನ ನಡುವೆ ಅಗಲ 7.5 ಸೆಂ.ಮೀ.ನಿಂದ 8ಕ್ಕೆ ಹಿಗ್ಗಿದರೆ ಅಲ್ಲಿನ ಬಿಲ್ಲೆ, ಅದೇ ಎತ್ತರದಲ್ಲಿ, ಸುಮಾರು 7 ಗ್ರಾಂ ಹೆಚ್ಚು ತೂಗುತ್ತದೆ. ಮಿಶ್ರಣದ ಪ್ರಮಾಣ ಅಷ್ಟೇ ಇರುವುದರಿಂದ ಮಟ್ಟ ತಗ್ಗಿ, ಎರಡು ತುದಿಗಳ ಬಿಲ್ಲೆಗಳು ತೂಕ ಕಳೆದುಕೊಳ್ಳುತ್ತವೆ. ಹೆಚ್ಚು ತೂಗುವುದು ನಷ್ಟ: ತಿಂಗಳಿಗೆ 1,000 ಬಿಲ್ಲೆ ಮಾರುವವರು ತಲಾ 5 ಗ್ರಾಂ ಹೆಚ್ಚು ಕೊಟ್ಟರೆ 50 ಬಿಲ್ಲೆಯಷ್ಟು ಮಾಲು ಉಚಿತವಾಗಿ ಹೋದಂತೆ. ಕಡಿಮೆ ತೂಗುವುದು ಅದಕ್ಕಿಂತ ಗಂಭೀರ. 2011ರ ಕಾನೂನು ಮಾಪನ (ಪೊಟ್ಟಣ ಸಾಮಗ್ರಿ) ನಿಯಮಗಳ ಪ್ರಕಾರ ಹೊದಿಕೆ ಬಿಟ್ಟು ನಿವ್ವಳ ತೂಕವನ್ನು ಪೊಟ್ಟಣದ ಮೇಲೆ ಘೋಷಿಸಬೇಕು, ಘೋಷಿಸಿದ್ದು ಒಳಗಿರಬೇಕು. ಸಾಬೂನು ತಯಾರಿಕೆಗೆ 2020ರ ಪ್ರಸಾಧನ ಸಾಮಗ್ರಿ ನಿಯಮಗಳಡಿ ರಾಜ್ಯ ಪ್ರಾಧಿಕಾರದ ಪರವಾನಗಿಯೂ ಅಗತ್ಯವೆಂಬುದನ್ನು ಗೃಹೋದ್ಯಮದವರು ಅನೇಕ ಸಲ ಗಮನಿಸಿರುವುದಿಲ್ಲ.

ಎಷ್ಟು ಅಚ್ಚುಗಳು ಬೇಕೆಂಬುದು ಕಾಯುವ ದಿನಗಳನ್ನು ಅವಲಂಬಿಸಿದೆ. 1,000 ಬಿಲ್ಲೆಗೆ 100 ದಿಂಡು. ತಿಂಗಳಿಗೆ 25 ಕೆಲಸದ ದಿನ, ದಿಂಡೊಂದು ಎರಡು ದಿನ ಅಚ್ಚಿನಲ್ಲಿದ್ದರೆ 8 ಅಚ್ಚು ಸಾಕು. ಮೂರು ದಿನವಾದರೆ 12 ಬೇಕು. ಸಿಲಿಕೋನ್ ಮತ್ತು ಮರದ ಬೆಲೆಯನ್ನು ಹೋಲಿಸುವಾಗ ಬಿಡಿ ಅಚ್ಚಿನ ದರವನ್ನಲ್ಲ, ಈ ಒಟ್ಟು ಸಂಖ್ಯೆಯ ದರವನ್ನು ಹೋಲಿಸಬೇಕು. ಐದು ವಾರ ಒಣಗಿಸುವ ಘಟಕದ ಕಪಾಟಿನಲ್ಲಿ ಯಾವಾಗಲೂ ಸುಮಾರು 1,150 ಬಿಲ್ಲೆಗಳು ಕುಳಿತಿರುತ್ತವೆ. ಮಾರ್ಚ್ 31ರಂದು ಇವನ್ನು ಅರೆಸಿದ್ಧ ಸರಕೆಂದು ದಾಸ್ತಾನಿನಲ್ಲಿ ತೋರಿಸಬೇಕು. ಬಿಟ್ಟುಬಿಟ್ಟರೆ ಲಾಭದ ಅಂಕಿಯೇ ತಪ್ಪಾಗುತ್ತದೆ.

ತೆರಿಗೆಯ ಬಗ್ಗೆ ಒಂದೆರಡು ಮಾತು. 2025ರ ಸೆಪ್ಟೆಂಬರ್ 22ರಿಂದ ಸ್ನಾನದ ಸಾಬೂನಿನ ಬಿಲ್ಲೆಗೆ ಜಿಎಸ್‌ಟಿ ಶೇ. 18ರಿಂದ ಶೇ. 5ಕ್ಕೆ ಇಳಿದಿದೆ. ಕಾಸ್ಟಿಕ್ ಸೋಡಾ ಶೇ. 18ರಲ್ಲೇ ಇದೆ. ನೋಂದಾಯಿತ ಘಟಕಕ್ಕೆ ಅಚ್ಚಿನ ಮೇಲಿನ ತೆರಿಗೆಯ ಹೂಡುವಳಿ ಜಮೆ ದೊರೆಯುತ್ತದೆ. ಆದರೆ ದರಗಳ ವ್ಯತ್ಯಾಸದಿಂದ ಜಮೆ ಉಳಿದು ಮರುಪಾವತಿ ಕೋರುವಾಗ, ಲೆಕ್ಕಪುಸ್ತಕದಲ್ಲಿ ಬಂಡವಾಳ ಸರಕೆಂದು ಬರೆದ ಅಚ್ಚಿನ ತೆರಿಗೆ ಆ ಸೂತ್ರದೊಳಗೆ ಬರುವುದಿಲ್ಲ. ಜಮೆ ಪಡೆದ ತೆರಿಗೆಯ ಮೊತ್ತದ ಮೇಲೆ ಸವಕಳಿಯನ್ನೂ ಕೇಳುವಂತಿಲ್ಲ. ರಾಜಿ ತೆರಿಗೆ ಯೋಜನೆಯಲ್ಲಿರುವವರಿಗೆ ಜಮೆಯೇ ಇಲ್ಲವಾದ್ದರಿಂದ ಅವರಿಗೆ ತೆರಿಗೆಯೂ ಅಚ್ಚಿನ ಬೆಲೆಯ ಭಾಗ.

ಹೊಸದಾಗಿ ಆರಂಭಿಸುವವರು ಒಮ್ಮೆಗೇ ಎಂಟು ಹನ್ನೆರಡು ಅಚ್ಚು ಕೊಳ್ಳದೆ, ಮರದ್ದೊಂದು, ಪೆಟ್ಟಿಗೆಯೊಳಗಿನ ಸಿಲಿಕೋನ್‌ನದೊಂದು ತಂದು, ತಮ್ಮದೇ ಪಾಕವನ್ನು ಎರಡರಲ್ಲೂ ಸುರಿದು, ಎರಡೂ ತುದಿಯ ಮತ್ತು ನಡುವಿನ ಬಿಲ್ಲೆಗಳನ್ನು ಕತ್ತರಿಸಿದ ದಿನ ಹಾಗೂ ಆರನೆಯ ವಾರ ತೂಗಿ ಬರೆದಿಡುವುದು ಮೇಲು. ಮುದ್ರಿತ ಪೆಟ್ಟಿಗೆಗಳಿಗೆ ಸಾವಿರಗಟ್ಟಲೆ ಆರ್ಡರ್ ಕೊಡುವುದು ಆ ತೂಕಗಳೂ ಒಣಗಿದ ಬಿಲ್ಲೆಯ ಅಳತೆಯೂ ಕೈಗೆ ಬಂದ ಮೇಲಾಗಲಿ.