ಒಳ್ಳೆಯ ಎಲೆ ಕಲಿಸುವ ಕೆಟ್ಟ ಪಾಠ

ಪೋಕರ್‌ನಲ್ಲಿ ಹೆಚ್ಚು ಆಟ ಗೆಲ್ಲುವವರೇ ಹೆಚ್ಚು ಹಣ ಕಳೆದುಕೊಳ್ಳುತ್ತಾರೆ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಕೈಲ್ ಸೈಲರ್ ಆನ್‌ಲೈನ್ ಪೋಕರ್‌ನ 2.7 ಕೋಟಿ ಆಟಗಳ ದಾಖಲೆ ಜಾಲಾಡಿ 2010ರಲ್ಲಿ ಪ್ರಕಟಿಸಿದ ಅಧ್ಯಯನ ಹೇಳಿದ್ದು ಇದನ್ನೇ. ಈ ಪ್ರವೃತ್ತಿ ಎದ್ದು ಕಂಡದ್ದು ಸಣ್ಣ ಬಾಜಿಯ ಆಟಗಳಲ್ಲಿ. ಮೇಲಿಂದ ಮೇಲೆ ಸಿಗುವ ಸಣ್ಣ ಗೆಲುವು ಮನಸ್ಸಿನಲ್ಲಿ ಉಳಿಯುತ್ತದೆ. ಆಗೊಮ್ಮೆ ಈಗೊಮ್ಮೆ ಬೀಳುವ ದೊಡ್ಡ ಹೊಡೆತ ‘ಇವತ್ತು ನಸೀಬು ಸರಿಯಿಲ್ಲ’ ಎಂಬ ಮಾತಿನಲ್ಲಿ ಮುಗಿದುಹೋಗುತ್ತದೆ.

ಅದೇ ಅಧ್ಯಯನದಲ್ಲಿ ಇನ್ನೊಂದು ಸಂಗತಿಯಿದೆ. ಸಣ್ಣ ಬಾಜಿಯವರಿಗೆ ಎರಡರಿಂದ ಏಳರವರೆಗಿನ ಜೋಡಿ ಎಲೆಗಳು ಎಂಟರಿಂದ ಗುಲಾಮನವರೆಗಿನ ಜೋಡಿಗಳಿಗಿಂತ ಹೆಚ್ಚು ಫಲ ಕೊಟ್ಟಿದ್ದವು. ಚಿಕ್ಕ ಜೋಡಿ ಬಂದಾಗ ಏನು ಮಾಡಬೇಕೆಂಬುದು ಸ್ಪಷ್ಟ. ದೊಡ್ಡದು ಬಂದಾಗ ಹಣ ಹಾಕಬೇಕೇ, ಸುಮ್ಮನಿರಬೇಕೇ, ಎಲೆ ಬಿಸಾಡಬೇಕೇ ಎಂಬ ಗೊಂದಲ ಶುರುವಾಗುತ್ತದೆ. ಕೆಟ್ಟ ಎಲೆಯನ್ನು ಯಾರಾದರೂ ಬಿಟ್ಟುಬಿಡುತ್ತಾರೆ. ಮನೆ ಮುಳುಗಿಸುವುದು ಒಳ್ಳೆಯ ಎಲೆ.

ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ಕಡೆ ಇಸ್ಪೀಟು ಹೊಸದೇನಲ್ಲ. ರಮ್ಮಿ, ಮೂರೆಲೆ, ಅಂದರ್-ಬಾಹರ್ ಹಿಂದಿನಿಂದಲೂ ಇವೆ; ಪೋಕರ್ ಮೊಬೈಲಿನ ಬೆನ್ನೇರಿ ಬಂದದ್ದು. ರೇಷ್ಮೆಗೂಡಿನ ದುಡ್ಡು, ಹಾಲಿನ ಬಟವಾಡೆ, ಕಾರ್ಖಾನೆಯ ಸಂಬಳ ಈಗ ಅದೇ ಮೊಬೈಲಿಗೆ ಜೋಡಿಸಿದ ಖಾತೆಗೆ ಬೀಳುತ್ತವೆ. ‘ಹತ್ತಿಪ್ಪತ್ತು ರೂಪಾಯಿ ಆಟ, ಇದರಿಂದೇನು ಮುಳುಗಿಹೋಗುತ್ತೆ’ ಎನ್ನುವವರಿಗಾಗಿಯೇ ಈ ಲೆಕ್ಕ.

ಹೆಚ್ಚಾಗಿ ಆಡುವ ಪೋಕರ್‌ನಲ್ಲಿ ಪ್ರತಿಯೊಬ್ಬರ ಕೈಗೆ ಎರಡು ಎಲೆ. ಎಲ್ಲರಿಗೂ ಸೇರಿದ ಐದು ಎಲೆ ಮಧ್ಯದಲ್ಲಿ ಬೀಳುತ್ತವೆ. ಎಕ್ಕದ ಜೋಡಿ ಕೈಗೆ ಬರುವುದು 221 ಆಟಕ್ಕೆ ಒಂದು ಸಲ. ಎದುರಿಗೆ ಒಬ್ಬನೇ ಇದ್ದು ಅವನ ಎಲೆ ಯಾವುದೇ ಆಗಿದ್ದರೂ, ಆ ಜೋಡಿ ಕೊನೆಯವರೆಗೆ ನಿಂತು ಗೆಲ್ಲುವ ಸಾಧ್ಯತೆ ಸುಮಾರು ಶೇ 85. ಎದುರಿಗೆ ಐವರಿದ್ದು ಎಲ್ಲರೂ ಕೊನೆಯವರೆಗೆ ಉಳಿದರೆ ಅದು ಶೇ 50ರ ಆಸುಪಾಸಿಗೆ ಇಳಿಯುತ್ತದೆ. ಸಣ್ಣ ಬಾಜಿಯಲ್ಲಿ ಎಲೆ ಬಿಡುವವರು ಕಡಿಮೆ, ಹೆಚ್ಚಿನವರು ‘ನೋಡೇಬಿಡೋಣ’ ಎನ್ನುತ್ತಾರೆ. ಆದ್ದರಿಂದ ಅಲ್ಲಿ ಅತ್ಯುತ್ತಮ ಎಲೆಯೂ ನಾಣ್ಯ ಚಿಮ್ಮಿದಷ್ಟೇ ಅನಿಶ್ಚಿತ.

ಒಂದು ಸಂದರ್ಭ ನೋಡಿ. ನಿಮ್ಮ ಬಳಿ ಎಕ್ಕದ ಜೋಡಿ, ಮಧ್ಯದಲ್ಲಿ ನಾಲ್ಕು ಎಲೆ, ಅವುಗಳಲ್ಲಿ ಎರಡು ಆಟಿನ್. ಎದುರಾಳಿಯ ಕೈಯಲ್ಲೂ ಎರಡು ಆಟಿನ್ ಇವೆ. ಇನ್ನೊಂದು ಬಿದ್ದರೆ ಒಂದೇ ಜಾತಿಯ ಐದು ಎಲೆ ಕೂಡಿ ಅವನು ಗೆಲ್ಲುತ್ತಾನೆ. ಅವನಿಗೆ ಕಾಣದ 46 ಎಲೆಗಳಲ್ಲಿ ಆಟಿನ್ ಉಳಿದಿರುವುದು 9, ಅಂದರೆ ಸಾಧ್ಯತೆ ಶೇ 19.6. ಮಧ್ಯದಲ್ಲಿ 100 ರೂಪಾಯಿ ಇದ್ದಾಗ ನೀವು 50 ಹಾಕಿದರೆ, ಅವನು 50 ಕೊಟ್ಟು 150ಕ್ಕೆ ಆಸೆಪಡಬೇಕು. ಅದು ಗಿಟ್ಟಬೇಕಾದರೆ ನಾಲ್ಕರಲ್ಲಿ ಒಂದು ಸಲ ಗೆಲ್ಲಬೇಕು. ಅಷ್ಟು ಸಾಧ್ಯತೆ ಅವನಿಗಿಲ್ಲ. ಬಲೆ ಒಡ್ಡುವ ಆಸೆಯಿಂದ ನೀವು ‘ಚೆಕ್’ ಎಂದು ಸುಮ್ಮನಾದರೆ ಆ ಎಲೆಯನ್ನು ಅವನಿಗೆ ಪುಕ್ಕಟೆ ಕೊಟ್ಟಂತೆ.

ಕೊನೆಗೆ ಆಟಿನ್ನೇ ಬಿತ್ತು ಅನ್ನಿ. ಅಲ್ಲಿಯವರೆಗೆ ಉಸಿರೆತ್ತದಿದ್ದವನು ಮಧ್ಯದ 100ರ ಮೇಲೆ ಮತ್ತೆ 100 ಇಟ್ಟ. ಈಗ ನೀವು 100 ಕೊಡಬೇಕಾದರೆ ಮೂರರಲ್ಲಿ ಒಂದು ಸಲವಾದರೂ ಗೆಲ್ಲಬೇಕು. ಐದರಲ್ಲಿ ಒಮ್ಮೆ ಮಾತ್ರ ಗೆಲ್ಲುತ್ತೀರಾದರೆ, ಅಂಥ ಐದು ಸಂದರ್ಭಗಳಲ್ಲಿ 200 ಗಳಿಸಿ 400 ಕಳೆಯುತ್ತೀರಿ. ಲೆಕ್ಕ ಎಲೆ ಬಿಡು ಎನ್ನುತ್ತದೆ, ಮನಸ್ಸು ‘ಎಕ್ಕದ ಜೋಡಿ ಹೇಗಪ್ಪಾ ಬಿಡೋದು’ ಎನ್ನುತ್ತದೆ. ಹತ್ತು ಸಣ್ಣ ಗೆಲುವುಗಳ ಹಣ ಹೋಗುವುದು ಈ ಘಳಿಗೆಯಲ್ಲಿ.

ಲೆಕ್ಕ ಕಲಿತರೆ ಗೆಲ್ಲಬಹುದಲ್ಲ ಎಂದು ಕೇಳಬಹುದು. ಕಲಿತದ್ದು ಫಲಿಸಿತೇ ಎಂದು ತಿಳಿಯುವುದೇ ಕಷ್ಟ. ಗೌರಿಬಿದನೂರಿನಲ್ಲಿ 1965ರಲ್ಲಿ ಸ್ಥಾಪನೆಯಾದ, ಭಾಭಾ ಅಣುಶಕ್ತಿ ಸಂಶೋಧನಾ ಕೇಂದ್ರದ ಭೂಕಂಪನ ಮಾಪಕಗಳ ಸಾಲು ಇದೆ. ದೂರದೇಶದ ನೆಲದಡಿಯ ಸ್ಫೋಟದ ಕ್ಷೀಣ ಕಂಪನವನ್ನು ಸುತ್ತಲಿನ ಗದ್ದಲದಿಂದ ಬೇರ್ಪಡಿಸಲು ಒಂದು ಮಾಪಕ ಸಾಲದೆಂದೇ ಹಲವು ಮಾಪಕಗಳ ದಾಖಲೆ ಕೂಡಿಸುತ್ತಾರೆ. ಆಟದ ಲಾಭವೂ ಅಷ್ಟೇ ಕ್ಷೀಣ. ಆಟ ಶುರುವಾಗುವ ಮೊದಲು ಕಡ್ಡಾಯವಾಗಿ ಇಡುವ ಹಣ 10 ರೂಪಾಯಿ ಎನ್ನಿ. 100 ಆಟಕ್ಕೆ ಏರಿಳಿತ 900 ರೂಪಾಯಿಯಷ್ಟಿರುವುದು ಸಾಮಾನ್ಯ. ಪ್ರತಿ ಭಾನುವಾರ 100 ಆಟದಂತೆ ಸುಮಾರು ಎರಡು ವರ್ಷ ಆಡಿದರೂ, 100 ಆಟದ ಸರಾಸರಿಯಲ್ಲಿ 90 ರೂಪಾಯಿ ಆಚೀಚೆ ಬರೀ ಅದೃಷ್ಟದಿಂದಲೇ ಆಗಬಹುದು. ಒಳ್ಳೆಯ ಆಟಗಾರನ ನಿಜವಾದ ಲಾಭ 50 ರೂಪಾಯಿ ಎಂದುಕೊಂಡರೂ ಅದು ಗದ್ದಲದಲ್ಲಿ ಮುಚ್ಚಿಹೋಗುತ್ತದೆ. ಒಂದು ರಾತ್ರಿಯ ಗೆಲುವು ಯಾವುದಕ್ಕೂ ಸಾಕ್ಷಿಯಲ್ಲ.

ಆಡಿಸುವವನ ಪಾಲು ಮಾತ್ರ ಎಂದೂ ತಪ್ಪುವುದಿಲ್ಲ. ಆರು ಮಂದಿ ತಲಾ 500 ರೂಪಾಯಿ ತಂದು ಕೂತರು, ಪ್ರತಿ ಆಟಕ್ಕೆ ಸರಾಸರಿ 5 ರೂಪಾಯಿ ಕಟಾವು, ರಾತ್ರಿಗೆ 100 ಆಟ. ಬೆಳಗಾಗುವಷ್ಟರಲ್ಲಿ 3000ದಲ್ಲಿ ಉಳಿಯುವುದು 2500. ಆರು ಮಂದಿಯೂ ಸಮಾನ ಜಾಣರಾದರೆ ಎಲ್ಲರೂ ಸೋತಂತೆ.

ಪೋಕರ್ ಕೌಶಲದ ಆಟ ಎಂಬ ವಾದದಲ್ಲಿ ಹುರುಳಿದೆ. 2010ರ ವಿಶ್ವ ಪೋಕರ್ ಸರಣಿಯನ್ನು ಅಧ್ಯಯನ ಮಾಡಿದ ಅರ್ಥಶಾಸ್ತ್ರಜ್ಞರಾದ ಸ್ಟೀವನ್ ಲೆವಿಟ್ ಮತ್ತು ಥಾಮಸ್ ಮೈಲ್ಸ್ ಪ್ರಕಾರ, ಮೊದಲೇ ನುರಿತವರೆಂದು ಗುರುತಿಸಿದ್ದ 720 ಮಂದಿ ಹಾಕಿದ ಹಣಕ್ಕೆ ಶೇ 30ರಷ್ಟು ಲಾಭ ಪಡೆದರು. ಉಳಿದವರಿಗೆ ಶೇ 15ರಷ್ಟು ನಷ್ಟ. ಕೌಶಲದ ಆಟ ಎಂದರೆ, ನುರಿಯದವನ ಹಣ ನುರಿತವನ ಜೇಬಿಗೆ ಹೋಗುವ ಆಟ.

ಇಂಥ ಹಣದ ಆಟಗಳನ್ನು ತಡೆಯಲು ಕರ್ನಾಟಕ ಸರ್ಕಾರ 2021ರಲ್ಲಿ ಪೊಲೀಸ್ ಕಾಯ್ದೆಗೆ ತಂದ ತಿದ್ದುಪಡಿಯ ಮುಖ್ಯ ಭಾಗಗಳನ್ನು ಹೈಕೋರ್ಟ್ 2022ರ ಫೆಬ್ರುವರಿಯಲ್ಲಿ ರದ್ದುಮಾಡಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಕಾಯ್ದೆ, ಕೌಶಲವೋ ಅದೃಷ್ಟವೋ ಎಂದು ನೋಡದೆ ಹಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನೆಲ್ಲ ನಿಷೇಧಿಸಿತು. ದೊಡ್ಡ ಆ್ಯಪ್‌ಗಳು ಹಣದ ಆಟ ನಿಲ್ಲಿಸಿದವು. ಆಪತ್ತು ಇರುವುದು ಇದರ ಮುಂದೆ. ಆ್ಯಪ್ ಹೋದರೂ ‘ನನಗೆ ಆಟ ಗೊತ್ತು’ ಎಂಬ ನಂಬಿಕೆ ಹೋಗಿಲ್ಲ. ಅದನ್ನು ಹೊತ್ತವರು ಹೊರದೇಶದ ಆ್ಯಪ್‌ಗೋ ಕದ್ದುಮುಚ್ಚಿ ನಡೆಯುವ ಅಡ್ಡೆಗೋ ಸರಿದರೆ, ಬಾಜಿಗೆ ಮಿತಿಯಿಲ್ಲ, ಮೋಸವಾದರೆ ಕೇಳುವವರಿಲ್ಲ, ಸಾಲ ಕೊಡುವವನು ಪಕ್ಕದಲ್ಲೇ ಕೂತಿರುತ್ತಾನೆ.

ಜೂಜಿನ ಗೀಳನ್ನು ವಿಶ್ವ ಆರೋಗ್ಯ ಸಂಸ್ಥೆ ಕಾಯಿಲೆಯೆಂದೇ ಪಟ್ಟಿ ಮಾಡಿದೆ. ಈ ಕಾಯಿಲೆ ಪತ್ತೆಯಾದವರಲ್ಲಿ ಆತ್ಮಹತ್ಯೆಯ ಪ್ರಮಾಣ ಉಳಿದವರಿಗಿಂತ 15 ಪಟ್ಟು ಹೆಚ್ಚೆಂದು 2018ರ ಸ್ವೀಡನ್ ಅಧ್ಯಯನ ಕಂಡುಕೊಂಡಿತು.

ಆಡುವವರು ಮೊದಲು ಒಂದು ಪುಸ್ತಕ ಇಡಿ, ತಂದದ್ದು ಎಷ್ಟು, ಮನೆಗೆ ಒಯ್ದದ್ದು ಎಷ್ಟು ಎಂದು ಪ್ರತಿಸಲ ಬರೆಯಿರಿ. ಸೋತದ್ದನ್ನು ಅದೇ ರಾತ್ರಿ ವಾಪಸು ಪಡೆಯಲು ಕೂರುತ್ತಿದ್ದರೆ, ಮನೆಯವರಿಗೆ ಸುಳ್ಳು ಹೇಳುತ್ತಿದ್ದರೆ, ಸಾಲ ತಂದು ಆಡುತ್ತಿದ್ದರೆ ತಡಮಾಡಬೇಡಿ. ಟೆಲಿ ಮಾನಸ್‌ನ 14416ಕ್ಕೆ ಕರೆಮಾಡಿದರೆ ಕನ್ನಡದಲ್ಲೇ ಉಚಿತ ಸಲಹೆ ಸಿಗುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಚಿಕಿತ್ಸೆಯಿದೆ. ಎಲ್ಲಕ್ಕಿಂತ ಅಗ್ಗದ ದಾರಿ ಕೂರುವ ಮೊದಲೇ ಎದ್ದು ಬರುವುದು.